ಡೇರೆ ಸೋರುತ್ತಿದೆ ಎಂದಾಗ: ಕೊಡಗಿನ ಮಳೆ-ಮಂಜಿನಲ್ಲಿ ಕ್ಯಾನ್ವಾಸ್ ಡೇರೆಯ ದೋಷ ಹುಡುಕುವ ಬಗೆ

ಜನವರಿಯ ಒಂದು ರಾತ್ರಿ ಮೂರು ಗಂಟೆಗೆ ಫೋನ್ ಬಂತು. "ಮೇಡಂ, ಟೆಂಟ್ ಸೋರ್ತಾ ಇದೆ. ಮಕ್ಕಳ ರಗ್ಗು ಎಲ್ಲ ಒದ್ದೆ." ಮೈಸೂರಿನಿಂದ ಬಂದಿದ್ದ ಕುಟುಂಬ, ನಮ್ಮ ತೋಟದ ಡೇರೆಯಲ್ಲಿ ಮಲಗಿತ್ತು. ಟಾರ್ಚ್ ಹಿಡಿದು ಹೊರಗೆ ಬಂದರೆ ಆಕಾಶದ ತುಂಬ ನಕ್ಷತ್ರ. ಮಡಿಕೇರಿ ಹತ್ತಿರದ ಗಾಳಿಬೀಡಿನ ನಮ್ಮ ಬದಿಗೆ ಮೂರು ವಾರದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಆದರೂ ಡೇರೆಯ ಒಳಮೈ ಸವರಿದರೆ ಅಂಗೈ ತೊಯ್ದುಹೋಯಿತು.

ಅದರ ಹಿಂದಿನ ವರ್ಷವೂ ಹೀಗೇ ಆಗಿತ್ತು. ಆಗ ನಾನು ಎರಡನೇ ಯೋಚನೆ ಮಾಡದೆ ಅಂಗಡಿಯಿಂದ ವಾಟರ್‌ಪ್ರೂಫ್ ಪೇಂಟ್ ತಂದು ಹೊರಮೈಗೆ ಎರಡು ಕೋಟ್ ಹೊಡೆಸಿದ್ದೆ. ಸೋರುವುದು ನಿಲ್ಲುವ ಬದಲು ಹೆಚ್ಚಾಯಿತು. ಉಸಿರಾಡುತ್ತಿದ್ದ ಹತ್ತಿ ಬಟ್ಟೆಯ ಮೂಗನ್ನೇ ನಾನು ಮುಚ್ಚಿದ್ದೆ. ಹೋಂಸ್ಟೇಗೆ, ಮದುವೆಗೆ, ತೋಟದ ಕೆಲಸಕ್ಕೆ ದೊಡ್ಡ ಡೇರೆ ಇಟ್ಟುಕೊಂಡಿರುವ ಎಲ್ಲರಿಗೂ ನಾನು ಮೊದಲು ಹೇಳುವ ಮಾತು ಒಂದೇ: ನೀರು ಎಲ್ಲಿಂದ ಬಂತು ಎಂದು ಗೊತ್ತಾಗುವವರೆಗೆ ಡೇರೆಗೆ ಏನನ್ನೂ ಬಳಿಯಬೇಡಿ, ಸುರಿಯಬೇಡಿ, ಹೊಲಿಯಬೇಡಿ.

ನಮ್ಮಲ್ಲಿರುವುದು 5 ಮೀಟರ್ ವ್ಯಾಸದ, ಒಂದೇ ನಡುಗಂಬದ ಗುಂಡು ಡೇರೆ. ಕಂಬ ಸುಮಾರು 3 ಮೀಟರ್ ಎತ್ತರ. ಇನ್ನೊಂದು, ಮನೆಯ ಕಾರ್ಯಗಳಿಗೆ ಹಾಕುವ ಎರಡು ಕಂಬದ ಉದ್ದನೆಯದು. ಎರಡೂ ಹತ್ತಿ ಕ್ಯಾನ್ವಾಸ್. ಮುಂದೆ ಹೇಳುವುದೆಲ್ಲ ಹತ್ತಿಯ ಡೇರೆಗೆ ಮಾತ್ರ ಅನ್ವಯ. ನೈಲಾನ್ ಟೆಂಟಿನ ಕತೆ ಬೇರೆ.

ಇದು ಯಾವ ನೀರು?

ಡೇರೆಯೊಳಗೆ ನೀರು ಮೂರು ದಾರಿಯಲ್ಲಿ ಬರುತ್ತದೆ. ಮೇಲಿನಿಂದ ಬಟ್ಟೆಯ ಮೂಲಕ, ಕೆಳಗಿನಿಂದ ನೆಲದ ಮೂಲಕ, ಮತ್ತು ಒಳಗೆ ಮಲಗಿದವರ ಉಸಿರಿನಿಂದ. ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಚಳಿಗಾಲದ ದೂರುಗಳಲ್ಲಿ ಹೆಚ್ಚಿನವು ಅದೇ.

ಪತ್ತೆ ಹಚ್ಚಲು ನಡುಗಂಬವನ್ನು ಮುಟ್ಟಿ ನೋಡಿ. ಕಬ್ಬಿಣದ ಕಂಬದ ಸುತ್ತಲೂ ಸಣ್ಣ ಸಣ್ಣ ಹನಿ ಕೂತಿದ್ದರೆ ಅದು ಉಸಿರಿನ ನೀರು. ಮಳೆ ಕಬ್ಬಿಣದ ಒಳಗಿಂದ ಜಿನುಗಿ ಬರುವುದಿಲ್ಲವಲ್ಲ. ಕಂಬದ ಒಂದೇ ಬದಿಯಲ್ಲಿ ಮೇಲಿಂದ ಕೆಳಗೆ ಗೆರೆಯಾಗಿ ಇಳಿದಿದ್ದರೆ ಮಾತ್ರ ಡೇರೆಯ ನೆತ್ತಿಯಲ್ಲಿ ಸೋರಿಕೆ ಇದೆ ಎಂದು ಅನುಮಾನಿಸಬೇಕು. ಬಟ್ಟೆಯಲ್ಲೂ ಅಷ್ಟೇ. ಉಸಿರಿನ ನೀರು ಇಬ್ಬನಿಯ ಹಾಗೆ ಒಳಮೈಯೆಲ್ಲ ಸಮನಾಗಿ ಹರಡಿರುತ್ತದೆ, ಮೇಲ್ಭಾಗದಲ್ಲಿ ಹೆಚ್ಚು, ಬೆಳಗಿನ ಜಾವ ಇನ್ನೂ ಹೆಚ್ಚು, ಆಕಾಶ ತಿಳಿಯಾಗಿದ್ದು ಗಾಳಿ ಆಡದ ರಾತ್ರಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಸೋರಿಕೆಯಾದರೆ ಒಂದು ಜಾಗ, ಒಂದು ಗೆರೆ, ಒಂದು ಕಪ್ಪು ಮಚ್ಚೆ ಅಂತ ಇರುತ್ತದೆ.

ಇದು ಯಾಕಾಗುತ್ತದೆ ಎನ್ನುವುದು ತಿಳಿದರೆ ಪರಿಹಾರ ತಾನಾಗಿ ಹೊಳೆಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ರಾತ್ರಿ ಬಟ್ಟೆ ಬೇಗ ತಣ್ಣಗಾಗುತ್ತದೆ. 20 ಡಿಗ್ರಿ ಬೆಚ್ಚಗಿನ ಗಾಳಿ ಒಂದು ಘನ ಮೀಟರಿನಲ್ಲಿ ಸುಮಾರು 17 ಗ್ರಾಂ ಆವಿ ಹಿಡಿದುಕೊಳ್ಳಬಲ್ಲದು. ಅದೇ ಗಾಳಿ 12 ಡಿಗ್ರಿಯ ಬಟ್ಟೆಗೆ ತಾಗಿದರೆ ಹತ್ತೂವರೆ ಗ್ರಾಮಿನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ಅಲ್ಲೇ ಬಿಟ್ಟುಬಿಡುತ್ತದೆ. ಒಬ್ಬರು ರಾತ್ರಿ ನಿದ್ದೆಯಲ್ಲಿ ಉಸಿರು ಮತ್ತು ಮೈಯಿಂದ ಹೆಚ್ಚುಕಡಿಮೆ ಕಾಲು ಲೀಟರ್ ನೀರು ಬಿಡುತ್ತಾರೆ. ನಾಲ್ವರೆಂದರೆ ಒಂದು ಲೀಟರ್. ಅಂದು ನಾನು ಒಳಹೊಕ್ಕು ನೋಡಿದಾಗ ನಾಲ್ವರ ಜೊತೆಗೆ ಅಬ್ಬಿ ಜಲಪಾತದಲ್ಲಿ ನೆನೆದ ಬಟ್ಟೆಗಳು ಹಗ್ಗದ ಮೇಲೆ ನೇತಾಡುತ್ತಿದ್ದವು, ಗ್ಯಾಸ್ ದೀಪ ಉರಿಯುತ್ತಿತ್ತು, ಚಳಿಗೆಂದು ನೆತ್ತಿಯ ಗಾಳಿಕಿಂಡಿಗಳನ್ನೆಲ್ಲ ಒಳಗಿನಿಂದ ಕಟ್ಟಿದ್ದರು. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಅಷ್ಟೂ ಹೋಗುವುದೆಲ್ಲಿಗೆ?

ಗಾಳಿಕಿಂಡಿ ಬಿಚ್ಚಿದೆ. ಬಾಗಿಲಿನ ಕೆಳಗೆ ಒಂದು ಗೇಣು ತೆರೆದೆ. ದೀಪ ಆರಿಸಿ, ಒದ್ದೆ ಬಟ್ಟೆಗಳನ್ನು ಮನೆಗೆ ತಂದೆ. ಒಣ ಟವೆಲಿನಿಂದ ಒಳಮೈಯನ್ನು ಒಂದು ಸಲ ಮೆಲ್ಲಗೆ ಒರೆಸಿದೆವು. ಬೆಳಗಿನವರೆಗೆ ಒಂದು ಹನಿಯೂ ಬೀಳಲಿಲ್ಲ. ಕೆಳಗೆ ಒಂದು ದಾರಿ, ಮೇಲೆ ಒಂದು ದಾರಿ. ಎರಡೂ ಇದ್ದರೆ ಮಾತ್ರ ಗಾಳಿ ಓಡಾಡುತ್ತದೆ. ಬರೀ ಬಾಗಿಲು ತೆರೆದರೆ ಚಳಿ ಒಳಗೆ ಬರುತ್ತದೆ, ಆವಿ ಹೊರಗೆ ಹೋಗುವುದಿಲ್ಲ.

ಇಲ್ಲೇ ಇನ್ನೊಂದು ಮಾತು, ಬಹಳ ಗಂಭೀರವಾಗಿ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು, ಚಳಿಗೆ ಮೈ ಕಾಯಿಸಲು ನಮ್ಮ ಮನೆಗಳಲ್ಲಿ ಅಗ್ಗಿಷ್ಟಿಕೆ ಇಡುವ ರೂಢಿ ಉಂಟು. ಹಂಚಿನ ಮನೆಯಲ್ಲಿ ಸಂದಿಗಳಿಂದ ಹೊಗೆ ಹೋಗುತ್ತದೆ. ಡೇರೆಯೊಳಗೆ ಕೆಂಡ ಇಡಲೇಬೇಡಿ. ನೆನೆದ ಕ್ಯಾನ್ವಾಸಿನ ರಂಧ್ರಗಳು ಮುಚ್ಚಿಕೊಂಡಿರುತ್ತವೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅತಿಥಿಗಳು ಎಷ್ಟೇ ಕೇಳಿದರೂ ನಾನು ಕೊಡುವುದು ಬಿಸಿನೀರಿನ ಚೀಲ, ಇನ್ನೊಂದು ರಗ್ಗು.

ನಿಜವಾಗಿಯೂ ಸೋರುತ್ತಿದ್ದರೆ

ಹೊಸ ಡೇರೆಯಾದರೆ ಮೊದಲ ಮಳೆಗೆ ಸೋರುವುದು ಸಹಜ. ಹೊಲಿಗೆಯ ಸೂಜಿ ತೂತುಗಳು ಆಗಿನ್ನೂ ತೆರೆದಿರುತ್ತವೆ. ಹತ್ತಿಯ ಎಳೆ ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಮತ್ತೆ ನೆನೆದು, ಹೀಗೆ ಎರಡು ಮೂರು ಸಲ ಆದ ಮೇಲೆ ನೂಲು ಮತ್ತು ಬಟ್ಟೆ ತೂತುಗಳನ್ನು ತಾವೇ ತುಂಬಿಕೊಳ್ಳುತ್ತವೆ. ಆದ್ದರಿಂದ ಹೊಸ ಡೇರೆಯನ್ನು ಮೇ ತಿಂಗಳಲ್ಲೇ ಎತ್ತಿ ನಿಲ್ಲಿಸಿ, ತೋಟಕ್ಕೆ ನೀರು ಹಾಯಿಸುವ ಪೈಪಿನಿಂದ ಪೂರ್ತಿ ನೆನೆಸಿ, ಪೂರ್ತಿ ಒಣಗಿಸಿ. ಮೂರು ಸಲ. ಹೊಲಿಗೆಯ ಸಾಲುಗಳ ಮೇಲೆ ನೀರು ಹೆಚ್ಚು ಹೊತ್ತು ನಿಲ್ಲಲಿ. ಹೀಗೆ ಮಾಡದೆ ಜೂನಿನಲ್ಲಿ ನೇರವಾಗಿ ಹಾಕಿ, ಮಾರಿದವರ ಜೊತೆ ಜಗಳಕ್ಕೆ ಹೋದವರನ್ನು ನಾನು ಬಲ್ಲೆ.

ಹಳೆಯ ಡೇರೆಯಲ್ಲಿ ಸೋರಿಕೆ ಹುಡುಕಲು ಇಬ್ಬರು ಬೇಕು, ಒಣ ದಿನ ಬೇಕು, ತಾಳ್ಮೆ ಬೇಕು. ಹನಿ ಬೀಳುವ ಜಾಗವೇ ತೂತಿನ ಜಾಗ ಅಲ್ಲ. ನೀರು ನೆತ್ತಿಯ ಹತ್ತಿರ ಒಳಗೆ ಬಂದು, ಬಟ್ಟೆಯ ಒಳಮೈಗೆ ಅಂಟಿಕೊಂಡೇ ಎರಡು ಮೂರು ಅಡಿ ಜಾರಿ, ಯಾವುದೋ ಮಡಿಕೆಯೋ ಹೊಲಿಗೆಯೋ ಅಡ್ಡ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ನಮ್ಮ ಉದ್ದನೆಯ ಡೇರೆಯಲ್ಲಿ ಪ್ರತಿ ಮಳೆಗೂ ಒಂದೇ ಮಂಚದ ದಿಂಬು ನೆನೆಯುತ್ತಿತ್ತು. ದಿಂಬಿನ ನೇರ ಮೇಲೆ ಮೂರು ಸಲ ಮೇಣ ಉಜ್ಜಿದರೂ ನಿಲ್ಲಲಿಲ್ಲ.

ಕೊನೆಗೆ ನಮ್ಮ ತೋಟದಲ್ಲಿ ಮೂವತ್ತು ವರ್ಷದಿಂದ ಇರುವ ಅಣ್ಣ ಹೊರಗೆ ಏಣಿಯ ಮೇಲೆ ಚೊಂಬು ಹಿಡಿದು ನಿಂತರು, ನಾನು ಒಳಗೆ ಟಾರ್ಚ್ ಮತ್ತು ಪೆನ್ಸಿಲ್ ಹಿಡಿದು ನಿಂತೆ. ಕೆಳಗಿನ ಅಂಚಿನಿಂದ ಶುರು ಮಾಡಿ ಒಂದು ಮೊಳ, ಒಂದು ಮೊಳ ಮೇಲಕ್ಕೆ ಹೋಗುತ್ತಾ ನೀರು ಸುರಿದರು. ಪ್ರತಿ ಮೊಳಕ್ಕೂ ಹತ್ತು ನಿಮಿಷ ಕಾದೆವು. ಮೇಲಿನಿಂದ ಶುರು ಮಾಡಿದರೆ ಒಂದೇ ಸಲ ಎಲ್ಲ ನೆನೆದು ಏನೂ ಗೊತ್ತಾಗುವುದಿಲ್ಲ. ಕೆಳಗಿನಿಂದ ಹೋಗುವುದೇ ಸರಿ. ಐದನೇ ಮೊಳದವರೆಗೆ ಏನಿಲ್ಲ. ಆರನೆಯದಕ್ಕೆ, ಮೇಲಿನ ಏಣಿನಲ್ಲಿ ಹಗ್ಗದ ಕುಣಿಕೆಯನ್ನು ಹೊಲಿದಿದ್ದ ಕಡೆ, ಟಾರ್ಚ್ ಬೆಳಕಿನಲ್ಲಿ ಸಾಸಿವೆಯಷ್ಟು ಒಂದು ಮಿಣುಕು ಕಂಡಿತು. ನೋಡುನೋಡುತ್ತಿದ್ದಂತೆ ಅದು ಕಡಲೆಯಷ್ಟಾಯಿತು, ತೂಗಿತು, ಆದರೆ ಬೀಳಲಿಲ್ಲ. ಬಟ್ಟೆಯ ಮೇಲೆ ಹೊಳೆಯುವ ಗೆರೆ ಎಳೆಯುತ್ತಾ ಪಕ್ಕದ ಹೊಲಿಗೆಯವರೆಗೆ ಜಾರಿ, ಅಲ್ಲಿ ನಿಂತು, ಆಮೇಲೆ ದಿಂಬಿನ ಮೇಲೆ ಬಿತ್ತು. ತೂತಿಗೂ ದಿಂಬಿಗೂ ನಡುವೆ ಎರಡೂವರೆ ಅಡಿ. "ಸಿಕ್ತಕ್ಕ?" ಎಂದರು ಮೇಲಿನಿಂದ. ಪೆನ್ಸಿಲಿನಿಂದ ಗುರುತು ಹಾಕಿದೆ. ಪೆನ್ನು ಬೇಡ, ಇಂಕು ಹರಡುತ್ತದೆ.

ಕುಣಿಕೆಯ ಹೊಲಿಗೆ ಸವೆದು ಸೂಜಿ ತೂತುಗಳು ದೊಡ್ಡದಾಗಿದ್ದವು. ಒಣಗಿದ ಮೇಲೆ ಗೋಣಿ ಹೊಲಿಯುವ ದಬ್ಬಳದಿಂದ ಅಲ್ಲ, ಅದಕ್ಕಿಂತ ಸಣ್ಣ ಸೂಜಿಯಿಂದ, ಮೇಣ ಸವರಿದ ದಪ್ಪ ಹತ್ತಿ ದಾರದಲ್ಲಿ ಮತ್ತೆ ಹೊಲಿದೆವು. ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಆದರೆ ಹತ್ತಿಯ ಹಾಗೆ ಉಬ್ಬಿ ತೂತು ಮುಚ್ಚುವುದಿಲ್ಲ. ಕೊನೆಗೆ ಜೇನುಮೇಣವನ್ನು ಎರಡೂ ಬದಿಯಿಂದ ಉಜ್ಜಿ, ಬೆರಳಿನ ಬಿಸಿಯಲ್ಲೇ ತೀಡಿ ಒಳಗಿಳಿಸಿದೆವು. ಕೊಡಗಿನಲ್ಲಿ ಜೇನುಮೇಣಕ್ಕೆ ಬರವಿಲ್ಲ. ಮೇಣ ಹೊಲಿಗೆಗೆ ಮಾತ್ರ ಸಾಕು. ಇಡೀ ಡೇರೆಗೆ ಹಚ್ಚಿದರೆ ಉಸಿರು ಕಟ್ಟುತ್ತದೆ, ಬೆಂಕಿಗೂ ಬೇಗ ತುತ್ತಾಗುತ್ತದೆ.

ಹೊಲಿಗೆ, ತೂತು ಯಾವುದೂ ಇಲ್ಲದ ನಡು ಬಟ್ಟೆಯಲ್ಲಿ ನೀರು ಇಳಿಯುತ್ತಿದ್ದರೆ ಯಾರೋ ಅಲ್ಲಿ ಒಳಗಿನಿಂದ ಮುಟ್ಟಿರುತ್ತಾರೆ. ಪೆಟ್ಟಿಗೆ ಒರಗಿಸಿರಬಹುದು, ಮಕ್ಕಳು ಬೆರಳಾಡಿಸಿರಬಹುದು. ನೆನೆದ ಬಟ್ಟೆಯ ನೀರಿನ ಪೊರೆ ಆ ಜಾಗದಲ್ಲಿ ಒಡೆದು ಜಿನುಗಲು ಶುರುವಾಗುತ್ತದೆ. ಮಳೆಯ ನಡುವೆ ಇದಕ್ಕೆ ಒಂದೇ ಉಪಾಯ. ಜಿನುಗುವ ಜಾಗದಿಂದ ಬೆರಳನ್ನು ಬಟ್ಟೆಗೆ ಒತ್ತಿಕೊಂಡೇ ಕೆಳಗಿನ ಅಂಚಿನವರೆಗೆ ಎಳೆಯಿರಿ. ನೀರು ತೊಟ್ಟಿಕ್ಕದೆ ಆ ಗೆರೆ ಹಿಡಿದು ಕೆಳಗಿಳಿಯುತ್ತದೆ. ಒಣಗಿದ ಮೇಲೆ ತಾನಾಗಿ ಸರಿಹೋಗುತ್ತದೆ. ಇದೇ ಕಾರಣಕ್ಕೆ ಮಂಚ, ಸಾಮಾನುಗಳನ್ನು ಗೋಡೆಯಿಂದ ಒಂದು ಮೊಳ ದೂರ ಇಡಬೇಕು.

ವಾಟರ್‌ಪ್ರೂಫಿಂಗ್ ಯಾವಾಗ ಬೇಕು? ಒಣ ಬಟ್ಟೆಯ ಮೇಲೆ ನೀರು ಚಿಮುಕಿಸಿ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಗುಂಡಾಗಿ ಉರುಳಿದರೆ ಏನೂ ಬೇಡ. ತಕ್ಷಣ ಹೀರಿ ಬಣ್ಣ ಗಾಢವಾದರೆ, ಮೊದಲು ಸೋಪು ಉಳಿದಿದೆಯೇ ನೋಡಿ. ಬಟ್ಟೆ ಸೋಪಿನಿಂದ ಡೇರೆ ತೊಳೆಯುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ಸೋಪಿನ ಅಂಶ ಉಳಿದಲ್ಲಿ ನೀರು ಸುಲಭವಾಗಿ ಒಳಗಿಳಿಯುತ್ತದೆ. ಬರೀ ನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ, ಒಣಗಿಸಿ, ಮತ್ತೆ ಚಿಮುಕಿಸಿ ನೋಡಿ. ಆಮೇಲೂ ಹೀರಿದರೆ ಹತ್ತಿ ಕ್ಯಾನ್ವಾಸಿಗೆಂದೇ ಬರುವ, ನೀರಿನಲ್ಲಿ ಬೆರೆಸುವ ಬಗೆಯದನ್ನು ಹಚ್ಚಿ. ಪೇಂಟ್ ಬೇಡ.

ನೆಲ ಒದ್ದೆಯಾದರೆ

ಇದು ಬೇಗ ಮುಗಿಯುವ ವಿಷಯ. ಹೊರಗೆ ಹೋಗಿ ನೆಲಹಾಸಿನ ಅಂಚು ನೋಡಿ. ಡೇರೆಯ ಗೋಡೆಯಿಂದ ನಾಲ್ಕು ಬೆರಳು ಹೊರಗೆ ಚಾಚಿಕೊಂಡಿದ್ದರೂ ಸಾಕು, ಗೋಡೆಯಿಂದ ಇಳಿದ ಮಳೆನೀರು ಅದರ ಮೇಲೆ ಬಿದ್ದು ನೇರ ಒಳಗೆ ನಡೆಯುತ್ತದೆ. ಅಂಚನ್ನು ಒಳಗೆ ಮಡಚಿ. ಅದಲ್ಲವಾದರೆ ಇಳಿಜಾರು. ಕೊಡಗಿನಲ್ಲಿ ಮಟ್ಟದ ಜಾಗ ಎಂದರೆ ಗದ್ದೆ ಅಥವಾ ಕಣ. ಗದ್ದೆಯ ಪಕ್ಕ ಮಳೆಗಾಲದಲ್ಲಿ ಡೇರೆ ಹಾಕುವ ಮಾತೇ ಇಲ್ಲ. ಇಳಿಜಾರಿನ ಮೇಲ್ಬದಿಗೆ ಗುದ್ದಲಿಯಿಂದ ಅರ್ಧ ಚಂದ್ರದ ಹಾಗೆ ಒಂದು ಗೇಣು ಆಳದ ಚರಂಡಿ ತೆಗೆದು ನೀರನ್ನು ಎರಡು ಬದಿಗೆ ತಿರುಗಿಸಿ. ಆದರೆ ಮಣ್ಣು ಕಡಿದು ಮಟ್ಟ ಮಾಡಿದ ದಿಬ್ಬದ ಬುಡದಲ್ಲಿ, ಹಳೆಯ ನೀರಿನ ಹರಿವಿನ ಜಾಗದಲ್ಲಿ ಹಾಕಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ನಾನು ಇದನ್ನು ವಿವರಿಸಬೇಕಿಲ್ಲ.

ಮಾಡು ಜೋತುಬಿದ್ದು ನೀರು ನಿಂತರೆ, ಗೂಟ ಕಿತ್ತುಬಂದರೆ

ಎರಡೂ ಒಂದೇ ದೋಷದ ಎರಡು ಮುಖ. ಹತ್ತಿ ಮತ್ತು ಸೆಣಬಿನ ಹಗ್ಗ ನೆನೆದರೆ ಮೊಟಕಾಗುತ್ತದೆ, ಬಟ್ಟೆಯೂ ಬಿಗಿಯುತ್ತದೆ. ಸಂಜೆ ಚೆನ್ನಾಗಿ ಬಿಗಿದು ಮಲಗಿದರೆ ರಾತ್ರಿ ಮಳೆಗೆ ಹಗ್ಗವೇ ಗೂಟವನ್ನು ಕೀಳುತ್ತದೆ, ಇಲ್ಲವೇ ಕುಣಿಕೆ ಹರಿಯುತ್ತದೆ. ಮೋಡ ಕಂಡಾಗ ಹಗ್ಗವನ್ನು ಎರಡು ಬೆರಳಷ್ಟು ಸಡಿಲಿಸಿ. ನೈಲಾನ್ ಹಗ್ಗ ಇದಕ್ಕೆ ತದ್ವಿರುದ್ಧ: ನೆನೆದರೆ ಹಿಗ್ಗುತ್ತದೆ, ಮಾಡು ಜೋಲುತ್ತದೆ, ಜೋತಲ್ಲಿ ನೀರು ನಿಂತು ಭಾರಕ್ಕೆ ಇನ್ನಷ್ಟು ಜೋಲುತ್ತದೆ. ಅದನ್ನು ಮಳೆ ಶುರುವಾದ ಮೇಲೆ ಬಿಗಿಯಬೇಕು. ಒಂದೇ ಡೇರೆಗೆ ಅರ್ಧ ಸೆಣಬು, ಅರ್ಧ ನೈಲಾನ್ ಕಟ್ಟಿರುವುದನ್ನು ಬಹಳ ಕಡೆ ನೋಡಿದ್ದೇನೆ. ಅಂಥ ಡೇರೆ ಪ್ರತಿ ಮಳೆಗೂ ಒಂದು ಬದಿಗೆ ವಾಲುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ.

ನೀರು ನಿಂತಿದ್ದರೆ ಒಳಗಿನಿಂದ ಕೋಲಿನಲ್ಲಿ ತಿವಿಯಬೇಡಿ. ಅಂಗೈ ಅಗಲದ ಬಟ್ಟೆ ಸುತ್ತಿದ ಪೊರಕೆಯ ಹಿಡಿಯಿಂದ ಮೆಲ್ಲಗೆ ಎತ್ತಿ ಸುರಿಸಿ. ಆಮೇಲೆ ಕಂಬದ ಬುಡ ನೋಡಿ. ನೆನೆದ ಕೆಂಪು ಮಣ್ಣಿನಲ್ಲಿ ಕಂಬ ಮೂರು ನಾಲ್ಕು ಇಂಚು ಹೂತುಹೋಗಿದ್ದರೆ ಎಷ್ಟು ಹಗ್ಗ ಬಿಗಿದರೂ ಮಾಡು ಎದ್ದು ನಿಲ್ಲುವುದಿಲ್ಲ. ಕಂಬದ ಕೆಳಗೆ ಒಂದು ಚಪ್ಪಟೆ ಕಲ್ಲು ಅಥವಾ ಹಲಗೆ ತುಂಡು ಇಟ್ಟರೆ ಮುಗಿಯಿತು.

ಡೇರೆಯ ಜೊತೆ ಬರುವ ಸಣ್ಣ ಗೂಟಗಳು ನಮ್ಮ ಮಣ್ಣಿಗೆ ಆಗುವುದಿಲ್ಲ. ಕಟ್ಟಡದ 12 ಎಂಎಂ ಕಂಬಿಯನ್ನು ಎರಡಡಿ ಉದ್ದ ಕತ್ತರಿಸಿ, ತುದಿ ಬಗ್ಗಿಸಿಕೊಳ್ಳಿ. ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿರಬೇಕು. ಮಣ್ಣು ಪೂರ್ತಿ ಕೆಸರಾಗಿದ್ದರೆ ಯಾವ ಗೂಟವೂ ನಿಲ್ಲದು. ಆಗ ಎರಡಡಿ ಗುಂಡಿ ತೋಡಿ, ತೋಳು ದಪ್ಪದ ಸಿಲ್ವರ್ ಓಕ್ ತುಂಡನ್ನು ಅಡ್ಡಲಾಗಿ ಹೂತು, ಅದರ ನಡುವಿಗೆ ಹಗ್ಗ ಕಟ್ಟಿ ಮಣ್ಣು ತುಳಿದು ಗಟ್ಟಿ ಮಾಡಿ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಆ ಬದಿಗೆ ಇಂಥವು ಎರಡಾದರೂ ಇರಲಿ, ಬಾಗಿಲು ಪೂರ್ವಕ್ಕಿರಲಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಈ ಲೆಕ್ಕ ನಡೆಯುವುದಿಲ್ಲ. ಆ ಗಾಳಿ ಯಾವ ದಿಕ್ಕಿನಿಂದಲೂ ನುಗ್ಗುತ್ತದೆ. ಸಿಡಿಲಿರುವಾಗ ಡೇರೆ ಬಿಟ್ಟು ಮನೆ ಸೇರಬೇಕು. ನೆರಳಿದೆ ಎಂದು ಸಿಲ್ವರ್ ಓಕ್ ಕೆಳಗೆ ಹಾಕುವವರಿದ್ದಾರೆ: ಅದರ ಕೊಂಬೆ ಗಾಳಿಗೆ ಪಟ್ಟನೆ ಮುರಿಯುತ್ತದೆ. ಹಲಸಿನ ಮರದ ಕೆಳಗಂತೂ ಹಣ್ಣಿನ ಕಾಲದಲ್ಲಿ ಆನೆಗೆ ನೀವೇ ಅಡ್ಡ ನಿಂತ ಹಾಗೆ.

ಬಾಗಿಲಿನ ಜಿಪ್ ಕೂಡದಿದ್ದರೆ ಜಿಪ್ಪನ್ನು ದೂರಬೇಡಿ. ಬಾಗಿಲು ತೆರೆದಿಟ್ಟು ಗೂಟ ಹೊಡೆದಿರುತ್ತಾರೆ. ಆ ಬದಿಯ ಗೂಟಗಳನ್ನು ಕಿತ್ತು, ಜಿಪ್ ಪೂರ್ತಿ ಹಾಕಿ, ಮತ್ತೆ ಹೊಡೆಯಿರಿ. ಬಿಗಿಯಾಗಿ ಓಡುತ್ತಿದ್ದರೆ ಮೇಣದಬತ್ತಿ ಉಜ್ಜಿ.

ಕಪ್ಪು ಚುಕ್ಕೆ, ಮುಗ್ಗಲು ವಾಸನೆ

ಕೊಡಗಿನಲ್ಲಿ ಡೇರೆಗಳನ್ನು ಕೊಲ್ಲುವುದು ಬೂಷ್ಟು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ. ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಬಟ್ಟೆ ಮಡಚಿಟ್ಟರೆ ಎರಡು ಕಡೆಯೂ ಎರಡು ಮೂರು ದಿನದಲ್ಲಿ ವಾಸನೆ ಶುರು. ಬೂಷ್ಟು ಹತ್ತಿಯ ನಾರನ್ನೇ ತಿನ್ನುತ್ತದೆ. ಚುಕ್ಕೆ ಉಳಿದರೆ ಚಿಂತೆಯಿಲ್ಲ, ಬಟ್ಟೆ ಮೆದುವಾಗುವುದೇ ಚಿಂತೆ.

ಚುಕ್ಕೆ ಎಲ್ಲಿದೆ ಎಂಬುದು ಕಾರಣ ಹೇಳುತ್ತದೆ. ಕೆಳ ಅಂಚಿನ ಪಟ್ಟಿಯಲ್ಲಿ ಮಾತ್ರ ಇದ್ದರೆ ಮಣ್ಣು, ಎಲೆ ತಾಗಿಕೊಂಡಿದೆ. ಮಡಿಕೆಯ ಗೆರೆಗಳಲ್ಲಿ ಸಾಲಾಗಿ ಇದ್ದರೆ ಒದ್ದೆಯಿರುವಾಗ ಮಡಚಿದ್ದೀರಿ. ಒಳಮೈಯ ಮೇಲ್ಭಾಗದಲ್ಲಿ ಹರಡಿದ್ದರೆ ಮೊದಲು ಹೇಳಿದ ಉಸಿರಿನ ನೀರು, ಗಾಳಿಕಿಂಡಿ ಮುಚ್ಚಿತ್ತು.

ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಒಣಗಿದ ಮೇಲೆ ಮೆದು ಬ್ರಷ್‌ನಿಂದ ಹೊರಗೆ ಬಯಲಿನಲ್ಲಿ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒದ್ದೆಯಲ್ಲಿ ಉಜ್ಜಿದರೆ ಬೂಷ್ಟು ನೂಲಿನೊಳಗೆ ಇಳಿಯುತ್ತದೆ. ಆಮೇಲೆ ಒಂದು ಪಾಲು ಬಿಳಿ ವಿನಿಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಬರೀ ನೀರು ಹಾಕಿ ತೊಳೆಯಿರಿ. ಮನೆಯಲ್ಲಿದೆ ಎಂದು ಕಾಚಂಪುಳಿ (ಅಡುಗೆಗೆ ಬಳಸುವ ಕೊಡಗಿನ ಹುಳಿ) ಬಳಸಬೇಡಿ, ಅದರ ಕಪ್ಪು ಬಣ್ಣ ಹೋಗುವುದೇ ಇಲ್ಲ. ಬ್ಲೀಚಿಂಗ್ ಪೌಡರ್ ಮುಟ್ಟಲೇಬೇಡಿ. ಅದು ಚುಕ್ಕೆಯನ್ನು ಬೆಳ್ಳಗೆ ಮಾಡುತ್ತದೆ, ಜೊತೆಗೆ ಹತ್ತಿಯ ನಾರನ್ನು ಸುಡುತ್ತದೆ. ಮುಂದಿನ ಗಾಳಿಗೆ ಅದೇ ಜಾಗದಲ್ಲಿ ಹರಿಯುತ್ತದೆ.

ಒಣಗಿಸುವುದೇ ನಮ್ಮಲ್ಲಿ ದೊಡ್ಡ ಕೆಲಸ. ತುಲಾ ಸಂಕ್ರಮಣ ಕಳೆದು ಮಳೆ ಕಡಿಮೆಯಾಗಿ, ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಕಾಫಿ ಕಣ ಖಾಲಿ ಇರುವ ಕೆಲವು ದಿನಗಳೇ ನನ್ನ ಡೇರೆಯ ಹಬ್ಬ. ಕಾಫಿ ಒಣಗಿದೆಯೇ ಎಂದು ನಾವು ಕೈಯಲ್ಲಿ ಹಿಡಿದು ಅಲುಗಿಸಿ ಸದ್ದು ಕೇಳುತ್ತೇವೆ. ಡೇರೆಗೆ ಕೆನ್ನೆ ಬೇಕು: ಹೊಲಿಗೆ ದಪ್ಪವಿರುವ ಜಾಗ, ಕುಣಿಕೆಯ ಬುಡ, ಕೆಳ ಅಂಚಿನ ಪಟ್ಟಿ, ಈ ಮೂರನ್ನು ಕೆನ್ನೆಗೆ ಒತ್ತಿ. ತಣ್ಣಗೆ ತಾಗಿದರೆ ಇನ್ನೂ ಒದ್ದೆ. ನಡು ಬಟ್ಟೆ ಒಣಗಿದ ಮೇಲೂ ಇವಕ್ಕೆ ಇನ್ನೊಂದು ದಿನದ ಬಿಸಿಲು ಬೇಕಾಗುತ್ತದೆ. ಮಳೆಯ ನಡುವೆ ಬಿಚ್ಚಲೇಬೇಕಾಗಿ ಬಂದರೆ ಮಡಚದೆ ಶೆಡ್ಡಿನ ಜಂತಿಗೆ ಅಡ್ಡ ಬಿದಿರು ಕಟ್ಟಿ ನೇತುಹಾಕಿ, ದಿನಕ್ಕೊಮ್ಮೆ ಮಗ್ಗುಲು ಬದಲಿಸಿ.

ಇಡುವಾಗ ನೆಲಕ್ಕೆ ತಾಗಬಾರದು, ಗೋಡೆಗೂ ತಾಗಬಾರದು. ಗೆದ್ದಲಿಗೆ ಹತ್ತಿ ಎಂದರೆ ಊಟ. ಅಟ್ಟ ಒಳ್ಳೆಯದು, ಆದರೆ ಒಲೆಯ ನೇರ ಮೇಲೆ ಬೇಡ, ಮಸಿ ಹತ್ತುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಹಳೆಯ ಹತ್ತಿ ಬೆಡ್‌ಶೀಟ್ ಸಾಕು. ಮುಗ್ಗಲು ಹಿಡಿದ ಡೇರೆಯನ್ನು ಕಾಫಿ ಚೀಲಗಳ ಕೋಣೆಯಲ್ಲಿ ಇಟ್ಟರೆ ಬೀಜ ಆ ವಾಸನೆ ಎಳೆದುಕೊಳ್ಳುತ್ತದೆ.

ಪ್ರತಿ ಅಕ್ಟೋಬರಿನಲ್ಲಿ ಕಣದಲ್ಲಿ ಹರಡಿದಾಗ ಬಿಸಿಲಿಗೆ ಹೆಚ್ಚು ಒಡ್ಡಿಕೊಂಡ ದಕ್ಷಿಣ ಬದಿಯ ಬಟ್ಟೆಯನ್ನು ಎರಡೂ ಕೈಯ ಹೆಬ್ಬೆರಳು-ತೋರುಬೆರಳಿನಲ್ಲಿ ಒಂದು ಇಂಚು ಅಂತರದಲ್ಲಿ ಹಿಡಿದು ಜಗ್ಗಿ ನೋಡುತ್ತೇನೆ. ಹಿಡಿದುಕೊಂಡರೆ ಇನ್ನೊಂದು ವರ್ಷ ಅತಿಥಿಗಳಿಗೆ ಹಾಕಬಹುದು. ಕಾಗದದ ಹಾಗೆ ಸೀಳಿದರೆ ತೇಪೆ ಹಾಕಿ ಪ್ರಯೋಜನವಿಲ್ಲ, ತೇಪೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಅಂಥ ಬದಿಯನ್ನು ಹೊಲಿಗೆಯವರೆಗೆ ಬಿಚ್ಚಿ, ಅಷ್ಟೇ ದಪ್ಪದ ಹೊಸ ಕ್ಯಾನ್ವಾಸನ್ನು ಮೊದಲು ನೆನೆಸಿ ಕುಗ್ಗಿಸಿಕೊಂಡು, ಆಮೇಲೆ ಸೇರಿಸಿ ಹೊಲಿಸಬೇಕು.